ಎಂಟು ಡ್ರಮ್ಮಿನ ದೋಣಿ

ಕೆಲಗೇರಿ
ಬುಧವಾರ

ಮಗಳು ಹುಸ್ನಾಳಿಗೆ ಅಬ್ಬಾನ ದುವಾ.

ಇತ್ತೀಚೆಗೆ ಫೋನಿನಲ್ಲಿ ನೀನು ತೀರಾ ಮೆಲ್ಲಗೆ ಮಾತಾಡುತ್ತೀ. ಅದಕ್ಕೇ ಈ ಪತ್ರ.

ನಮ್ಮ ದೋಣಿ ಚೆನ್ನಾಗಿದೆ. ಕಟ್ಟೆಗೆ ಬಿಗಿಯುವ ಹಗ್ಗ ಬದಲಿಸಿದೆ, ಹಲಗೆಗಳಿಗೆ ಎಣ್ಣೆ ಹಚ್ಚಿದೆ. ಕೆರೆಯೂ ಈಗ ಕನಸಿನಲ್ಲಿ ಕಂಡಂತಿದೆ. ಬೆಳಿಗ್ಗೆ ಮಂಜಿನೊಳಗಿಂದ ಬೆಳ್ಳಕ್ಕಿಗಳು ಒಂದಿಷ್ಟೂ ಸಪ್ಪಳವಿಲ್ಲದೆ ಏಳುತ್ತವೆ. ಮಂದಿ ಹತ್ತಿ ಇಳಿದರೂ ಹಲಗೆ ಕಿರ್ರೆನ್ನುವುದಿಲ್ಲ. ಎಣ್ಣೆಯ ಗುಣವಿರಬೇಕು.

ಚಿಂತೆ ಒಂದೇ. ದೋಣಿಯನ್ನು ತೇಲಿಸುವ ಎಂಟು ಕಬ್ಬಿಣದ ಡ್ರಮ್ಮುಗಳನ್ನು ನಾನು ಪ್ರತಿ ಶುಕ್ರವಾರ ನಟ್ಟು ಬಿಚ್ಚುವ ಪಾನಾದಿಂದ ಬಡಿದು ನೋಡುತ್ತೇನಲ್ಲ? ಒಳಗೆ ಬರೀ ಗಾಳಿ ಇದ್ದರೆ ಡ್ರಮ್ಮು ಗಂಟೆಯಂತೆ ದನಿ ಕೊಡುತ್ತದೆ, ನೀರು ಹೊಕ್ಕಿದ್ದರೆ ಸುಮ್ಮನಿರುತ್ತದೆ. ಕಳೆದ ಶುಕ್ರವಾರ ಎಂಟೂ ಸುಮ್ಮನಿದ್ದವು. ಗಾಬರಿಯಾಗಿ ನಾಲ್ಕು ಜನರನ್ನು ಕರೆದು, ದೋಣಿಯನ್ನು ದಂಡೆಗೆ ಎಳೆಸಿ, ಎಲ್ಲ ಮುಚ್ಚಳ ಬಿಚ್ಚಿದೆ. ಒಂದು ಹನಿ ನೀರಿರಲಿಲ್ಲ.

ಆಗ ನಿನ್ನ ಅಮ್ಮಿ ನನ್ನ ಕಿವಿಗೆ ಬಾಯಿ ಹಚ್ಚಿ, "ಎಂಟೂ ಖಣಖಣ ಅಂದಾವ್ರಿ! ಆಗಿಂದ ಅದನ್ನ ಒದರಾಕತ್ತೇನಿ!" ಅಂದಳು. ಅವಳ ಒದರುವ ಚಟ ನಿನಗೆ ಗೊತ್ತೇ ಇದೆ.

ಬಿಚ್ಚಿದ ಮುಚ್ಚಳಗಳಿಗೆ ಹೊಸ ರಬ್ಬರ್ ವಾಶರ್ ಬೇಕು. ಭಾನುವಾರ ಬರುವಾಗ ನಿಮ್ಮ ಗೋಕುಲ ರಸ್ತೆಯಿಂದ ಎಂಟು ತೆಗೆದುಕೊಂಡು ಬಾ. ಬಂದ ಮೇಲೆ ಪಾನಾ ನೀನೇ ಹಿಡಿ. ಚಿಕ್ಕವಳಿದ್ದಾಗ ಡ್ರಮ್ಮು ದನಿ ಕೊಟ್ಟಾಗಲೆಲ್ಲ ನಿನ್ನ ಹುಬ್ಬು ಮೇಲೇಳುತ್ತಿತ್ತು.

ನೀನು ಬಡಿ. ನಾನು ನಿನ್ನ ಹುಬ್ಬು ನೋಡುತ್ತ ಕೂತಿರುತ್ತೇನೆ.

ನಿನ್ನ ಅಬ್ಬಾ
ಯಾಕೂಬಸಾಬ