ನೆರೆಮನೆಯ ಹೆಪ್ಪು

ಬೆಲೊ ಹೊರಿಜಾಂಟೆ
ಆಗಸ್ಟ್ ೧೪

ಮುದ್ದಿನ ತಂಗಿ ಜಂದಿರಾಳಿಗೆ ಅಕ್ಕನ ಅಪ್ಪುಗೆ.

ಕ್ಷೇಮವೇ? ಪತ್ರ ತಡವಾಯಿತು, ಬೈಯುವುದಿದ್ದರೆ ಮೊದಲು ಬೈದು ಮುಗಿಸು, ಆಮೇಲೆ ಓದು. ಕೈಯಲ್ಲಿದ್ದ ಪ್ರಯೋಗ ಮುಗಿಯದೆ ಬರೆಯಬಾರದೆಂದು ಹಟ ಹಿಡಿದಿದ್ದೆ. ನನ್ನ ಮಗಳು ಬೆನಿಸಿಯಾಳನ್ನು ಮಣ್ಣು ಮಾಡಿದ ದಿನ ನೀನು ಹೆಪ್ಪಿನ ಗಡಿಗೆಯನ್ನು ಅಂಗಳಕ್ಕೆ ಸುರಿದೆ. ಚೀಸ್ ಮಾಡುವುದನ್ನು ಬಿಟ್ಟೆ, ನನ್ನ ಹೊಸ್ತಿಲನ್ನೂ ಬಿಟ್ಟೆ. ಆ ಮೌನಕ್ಕೆ ಉತ್ತರ ಹುಡುಕುತ್ತಿದ್ದೆ.

ಈಗ ಪರದೆ ಏಳಲಿ. ರಂಗದ ಮೇಲೆ ಇಲಿಗಳು. ಕೆಲವಕ್ಕೆ ಹುಟ್ಟಿನಿಂದಲೇ ಒಂದು ಕಿಣ್ವವಿಲ್ಲ. ರೋಗಾಣು ಕರುಳಿಗೆ ನುಗ್ಗಿದಾಗ ಅದನ್ನು ಸುಡಲು ದೇಹ ತಾನೇ ಬೆಂಕಿ ಹಚ್ಚುತ್ತದೆ. ಆ ಬೆಂಕಿ ಮನೆಯನ್ನೇ ನುಂಗದಂತೆ ಆರಿಸುವುದು ಈ ಕಿಣ್ವದ ಕೆಲಸ. ಎಲ್ಲಕ್ಕೂ ಒಂದೇ ರೋಗಾಣು ಕುಡಿಸಿದೆವು. ಕಿಣ್ವವಿದ್ದವು ಚೇತರಿಸಿಕೊಂಡವು. ಇಲ್ಲದವುಗಳ ಕರುಳು ರೋಗಾಣು ಅಳಿದ ಮೇಲೂ ಉರಿಯುತ್ತಲೇ ಇತ್ತು.

ಗೆದ್ದೆನೆಂದುಕೊಳ್ಳುವಷ್ಟರಲ್ಲಿ ನನ್ನ ವಿದ್ಯಾರ್ಥಿ ತಾರ್ಸಿಜಿಯೊ ತಣ್ಣೀರೆರಚಿದ. ಎರಡು ಗುಂಪೂ ಬೇರೆ ಬೇರೆ ಪಂಜರದಲ್ಲಿ ಬೆಳೆದಿವೆ, ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳೂ ಬೇರೆ. ವ್ಯತ್ಯಾಸ ಕಿಣ್ವದ್ದೋ ಪಂಜರದ್ದೋ ಎಂದು ಕೇಳಿದ. "ಚೀಸ್ ಮಾಡೋ ಮನೇಲಿ ಹುಟ್ಟಿದೋರು ನೀವು, ಮೇಡಂ. ಪಕ್ಕದ ಮನೆ ಹೆಪ್ಪು ಹಾಕಿದ್ರೆ ರುಚಿನೂ ಪಕ್ಕದ ಮನೇದೇ ಅಂತ ನಾನು ಹೇಳ್ಕೊಡ್ಬೇಕಾ?"

ಸಿಟ್ಟು ಬಂತು, ಆದರೆ ಮಾತು ನಿಜ. ಎರಡೂ ಬಗೆಯ ಮರಿಗಳನ್ನು ಒಂದೇ ಪಂಜರದಲ್ಲಿ ಬೆಳೆಸಿದೆವು. ಒಂದರ ಹಿಕ್ಕೆ ಇನ್ನೊಂದು ತಿಂದು ಎಲ್ಲದರ ಹೊಟ್ಟೆಯ ಹೆಪ್ಪೂ ಒಂದೇ ಆಯಿತು. ಮತ್ತೆ ರೋಗಾಣು ಕೊಟ್ಟೆವು. ಮತ್ತೆ ಕಿಣ್ವವಿಲ್ಲದವೇ ಬೆಂದವು. ತಾರ್ಸಿಜಿಯೊ ಕಾಫಿ ತಂದು ನನ್ನ ಮುಂದಿಟ್ಟ. ಕುಡಿಯಲಾಗಲಿಲ್ಲ.

ಅಪರೆಸಿಡಾ ಮಾತೆ ನಿನ್ನ ತಲೆಯ ಮೇಲೆ ಕೈಯಿಟ್ಟು ಕಾಯಲಿ. ಮಂಡಿನೋವಿಗೆ ಎಣ್ಣೆ ತಿಕ್ಕುವುದನ್ನು ಮರೆಯಬೇಡ.

ನಿನ್ನ ಅಕ್ಕ
ಜುಲ್ಮಿರಾ

ಮರೆತೆನೆಂದುಕೊಳ್ಳಬೇಡ, ಕೊನೆಗೆಂದೇ ಉಳಿಸಿಕೊಂಡೆ: ಬೆನಿಸಿಯಾ ಇದ್ದ ಆ ಕೊನೆಯ ಹಬ್ಬದಲ್ಲಿ ನಿನ್ನ ಚೀಸನ್ನು ನಾವೆಲ್ಲರೂ ತಿಂದೆವು. ಎಲ್ಲರೂ ಹೊಟ್ಟೆ ಕೆಟ್ಟು ಮಲಗಿದೆವು, ಉಳಿದವರೆಲ್ಲ ಎದ್ದೆವು, ಬೆನಿಸಿಯಾ ಏಳಲಿಲ್ಲ. "ರೋಗಾಣು ಸತ್ತಿದೆ ತಾಯಿ, ಉರಿ ಯಾಕೆ ಇಳೀತಿಲ್ಲವೋ ಗೊತ್ತಾಗ್ತಿಲ್ಲ" ಎಂದಿದ್ದರು ಡಾಕ್ಟರು. ಅವಳ ರಕ್ತ ಇಂದು ನನ್ನ ಬಳಿಯಿಲ್ಲ, ರುಜುವಾತು ಕೊಡಲಾರೆ. ನನ್ನದನ್ನು ಪರೀಕ್ಷಿಸಿದೆ. ನನ್ನಲ್ಲಿ ಆ ಕಿಣ್ವ ಅರ್ಧಕ್ಕರ್ಧ. ಅವಳ ಅಪ್ಪನಲ್ಲೂ ಅರ್ಧವೇ ಇದ್ದರೆ ಮಗುವಿಗೆ ಒಂದಿಷ್ಟೂ ಸಿಗದೆ ಹೋಗಬಹುದು; ಅವರಿಗೆ ಇನ್ನೂ ಹೇಳಿಲ್ಲ. ರೋಗಾಣು ನಿನ್ನ ಚೀಸಿನಲ್ಲಿತ್ತೇನೋ, ಜಂದಿರಾ. ಬೆಂಕಿ ಆರದ ಮೈ ಕೊಟ್ಟವಳು ನಾನಿರಬೇಕು.

ನಿನ್ನ ಹೆಪ್ಪು ಸತ್ತಿಲ್ಲ. ಹಿಂದೆ ನೀನೇ ಕೊಟ್ಟದ್ದನ್ನು ನಿನ್ನ ಪಕ್ಕದ ಮನೆಯ ದೋನಾ ಎಫಿಜೇನಿಯಾ ಇಂದಿಗೂ ಉಳಿಸಿಕೊಂಡು ಬಂದಿದ್ದಾರಂತೆ. ಹೋಗಿ ಕೇಳು. ಒಂದು ಚೀಸ್ ಮಾಡಿ ಹಿಡಿದು ಬಾ. ಮೊದಲ ತುಂಡು ನನಗೆ.