ಪತ್ರಿಕೆಯ ಹಿಂದಿನ ಮುಖ

ಹುಬ್ಬಳ್ಳಿ
ಫೆಬ್ರುವರಿ ೩೦, ೨೨೧೭

‘ಬೆಳಕಿನ ಕಟ್ಟೆ’ಯ ಸದಸ್ಯರಿಗೆ, ಮುಖ್ಯವಾಗಿ ಹುಬ್ಬಳ್ಳಿಯ ವೀರೇಶ ಕುಬಸದ ಅವರಿಗೆ, ನಾಗಲಾಂಬೆಯ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ಫೆಬ್ರುವರಿಗೂ ಮೂವತ್ತು ದಿನಗಳಿವೆ. ತಿಂಗಳುಗಳು ಒಂದೊಂದು ಒಂದೊಂದು ಅಳತೆಯಲ್ಲಿದ್ದದ್ದು ಯಾರ ಕಣ್ಣಿಗೋ ಸರಿಕಾಣಲಿಲ್ಲವಂತೆ. ಎಲ್ಲವನ್ನೂ ಸಮ ಮಾಡಿ, ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ರಜೆಯೆಂದು ಸೇರಿಸಿದ್ದಾರೆ. ನನ್ನ ಕನ್ನಡವೂ ನಿಮಗೆ ವಿಚಿತ್ರವೆನಿಸಬಹುದು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ಕಟ್ಟೆಯ ಜಗಳಗಳಿಂದ. ಹಾಗಾಗಿ ಲೆನ್ಸು, ಸೆನ್ಸರು, ಫಂಗಸ್ಸು ಎಂಬ ಮಾತುಗಳು ನನಗೆ ಸಲೀಸು. ಮದುವೆಗೆ ಕರೆಯುವುದು ಹೇಗೆ, ಸತ್ತವರ ಮನೆಯಲ್ಲಿ ಏನು ಮಾತಾಡಬೇಕು ಎಂಬುದು ಅಷ್ಟಾಗಿ ಬರುವುದಿಲ್ಲ. ಎಲ್ಲಾದರೂ ಎಡವಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಕೆಲಸವನ್ನು ಇಲ್ಲಿ ‘ಕಟ್ಟೆವಾಚನ’ ಎನ್ನುತ್ತಾರೆ. ನಿಮ್ಮ ಕಾಲದವರು ಇಂಟರ್‌ನೆಟ್ಟಿನಲ್ಲಿ ಆಡಿದ ಹರಟೆಗಳೆಲ್ಲ ಹಳೆಯ ಯಂತ್ರಗಳಲ್ಲಿ ಹಾಗೇ ಬಿದ್ದಿವೆ. ಅವನ್ನು ಓದಿ, ಯಾವುದು ಯಾವುದರ ಬಗ್ಗೆ ಎಂದು ವಿಂಗಡಿಸಿಡುವುದು ನಮ್ಮಂಥವರ ಪಾಲಿಗೆ ಬಂದಿದೆ. ಒಬ್ಬರಿಗೆ ಅಡುಗೆಯ ಕಟ್ಟೆ ಸಿಕ್ಕಿತು, ಇನ್ನೊಬ್ಬರಿಗೆ ಕ್ರಿಕೆಟ್ಟಿನದು. ನನಗೆ ಸಿಕ್ಕಿದ್ದು ದುಬಾರಿ ಕ್ಯಾಮೆರಾಗಳದು. ಮೊದಮೊದಲು ತಲೆ ಚಿಟ್ಟು ಹಿಡಿಯಿತು. ‘ವೆರಾನ್’ ಕಂಪನಿಯವರ ಹೊಸ ಕ್ಯಾಮೆರಾ ಬರುತ್ತದಂತೆ ಎಂಬ ಗಾಳಿಸುದ್ದಿ, ಬರುವುದಿಲ್ಲವಂತೆ ಎಂಬ ಇನ್ನೊಂದು ಗಾಳಿಸುದ್ದಿ, ಬಂದ ಮೇಲೆ ಹಳೆಯದೇ ವಾಸಿ ಎಂಬ ಗೋಳು. ಮೈಸೂರಿನ ದೊರೆಸ್ವಾಮಿಯವರೇ, ಶಟರಿನ ಸದ್ದು ಕೇಳಿಯೇ ಕ್ಯಾಮೆರಾದ ಜಾತಕ ಹೇಳುತ್ತೇನೆ ಎನ್ನುತ್ತಿದ್ದವರು ನೀವಲ್ಲವೇ? ಮಂಗಳೂರಿನ ವಿಲ್ಫ್ರೆಡ್ ಮಿನೇಜಸ್ ಅವರೇ, ಕಡಲ ಗಾಳಿಗೆ ಹೆದರಿ ನೀವು ಕ್ಯಾಮೆರಾವನ್ನು ಅದರ ಒಣಪೆಟ್ಟಿಗೆಯಿಂದ ತೆಗೆಯುವುದೇ ಇಲ್ಲ ಎಂದು ಗೊತ್ತಾದ ದಿನ ನಾನು ಕೂತಲ್ಲೇ ಬಿದ್ದು ಬಿದ್ದು ನಕ್ಕಿದ್ದೇನೆ. “ಹೊರಗೆ ತೆಗೆದ್ರೆ ಫಂಗಸ್ ಹಿಡೀತದೆ ಮಾರಾಯ್ರೆ, ಒಳಗೇ ಇರ್ಲಿ, ಅಲ್ಲಿ ಚಂದ ಉಂಟು” ಎಂದು ಬರೆದಿದ್ದಿರಿ.

ಆದರೆ ನನ್ನನ್ನು ನಿಮ್ಮ ಕಟ್ಟೆಗೆ ಅಂಟಿಸಿದ್ದು ನಿಮ್ಮದೊಂದು ಪದ್ಧತಿ. ಹೊಸ ಲೆನ್ಸು ತಂದವರು ಮೊದಲು ದಿನಪತ್ರಿಕೆಯ ಪೂರ್ತಿ ಹಾಳೆಯೊಂದರ ಚಿತ್ರ ತೆಗೆದು ಕಟ್ಟೆಗೆ ಹಾಕಬೇಕು. ಗೋಡೆಯ ಚಿತ್ರ ತೆಗೆದು ಲೆನ್ಸನ್ನು ಪರೀಕ್ಷಿಸೋಣವೆಂದರೆ ಗೋಡೆ ಊರಿಗೊಂದು ಬಗೆ. ಪತ್ರಿಕೆ ಬೀದರಿನಲ್ಲೂ ಅದೇ, ಚಾಮರಾಜನಗರದಲ್ಲೂ ಅದೇ. ಮೂಲೆಯ ಸಣ್ಣ ಅಕ್ಷರ ಓದಲು ಬಂದರೆ ಲೆನ್ಸು ಪಾಸು. ಮೊದಲು ಹಾಳೆಯನ್ನು ಗೋಡೆಗೆ ಅಂಟಿಸುತ್ತಿದ್ದಿರಿ. ಬಣ್ಣ ಕಿತ್ತು ಬರುತ್ತದೆಂದು ಮನೆಯವರು ಬೈದರು. ಆಮೇಲೆ ಬೈದವರ ಕೈಗೇ ಹಾಳೆಯನ್ನು ಕೊಟ್ಟಿರಿ. ಹೀಗೆ ನಿಮ್ಮ ನಾಡಿನ ಎಷ್ಟೋ ಹೆಂಡಂದಿರು, ಅಕ್ಕಂದಿರು, ಮಾವಂದಿರು ಬೆಳಗಿನ ಬಿಸಿಲಿಗೆ ಮುಖ ಮಾಡಿ, ಎದೆಯ ಮುಂದೆ ಪತ್ರಿಕೆ ಬಿಡಿಸಿಕೊಂಡು ನಿಂತರು. ಫೋಕಸ್ ಅಕ್ಷರಗಳ ಮೇಲೆ. ನಿಮ್ಮ ಆ ದೊಡ್ಡ ಬಾಯಿಯ ಲೆನ್ಸುಗಳಲ್ಲಿ ಅಕ್ಷರದಿಂದ ಒಂದು ಗೇಣು ಹಿಂದಕ್ಕೆ ಹೋದರೆ ಎಲ್ಲವೂ ಮಸುಕು. ಆ ಮಸುಕನ್ನು ನೀವು ಬೊಕೆ ಎಂದು ಕರೆದು, ಬೆಣ್ಣೆಯ ಹಾಗಿದೆ ಎಂದು ಹೊಗಳಿಕೊಂಡಿರಿ. ಅವರ ಮುಖಗಳು ಇದ್ದದ್ದು ಅದರೊಳಗೇ.

ವೀರೇಶ ಅವರೇ, ನಿಮ್ಮ ಮನೆಯ ಕಸ್ತೂರಿಯವರು ಹಿಡಿದಷ್ಟು ಪತ್ರಿಕೆಯನ್ನು ಇನ್ಯಾರೂ ಹಿಡಿದಿರಲಿಕ್ಕಿಲ್ಲ. ಹಾರ್ಡ್‌ವೇರ್ ಅಂಗಡಿಯ ಬಾಗಿಲು ತೆರೆಯಲು ಹೋಗುವ ಮೊದಲು ನೀವು ಅವರನ್ನು ತಾರಸಿಗೆ ಕರೆದೊಯ್ಯುತ್ತಿದ್ದಿರಿ. ಅವರು ಏನೆಂದರು ಎಂಬುದನ್ನೂ ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದಿರಿ: “ಮನ್ಯಾಕಿ ಬೈಯಾಕತ್ತಾಳ್ರೀ. ನಿಮ್ಮ ಕ್ಯಾಮೆರಾಕ್ಕ ನಾ ಏನ್ ಸ್ಟ್ಯಾಂಡ್ ಅದೀನೇನ್ರಿ, ಒಲಿ ಮ್ಯಾಲ ಹಾಲ ಇಟ್ಟ ಬಂದೀನಿ, ಲಗೂ ಮುಗಸ್ರಿ ಅಂತಾಳ.” ಆ ಸಾಲನ್ನು ಓದುವಾಗಲೆಲ್ಲ ಅವರನ್ನು ಕಂಡಹಾಗೇ ಆಗುತ್ತಿತ್ತು. ಒಮ್ಮೆ ದೊರೆಸ್ವಾಮಿಯವರು ಚೇಷ್ಟೆ ಮಾಡಿದ್ದರು: “ಅಲ್ಲ ಸ್ವಾಮಿ, ಪೇಪರ್ದು ಸಾಕು, ಮನೆಯವ್ರದ್ದೂ ಒಂದು ಫೋಟೋ ತೆಗೀಬಾರ್ದಾ?” ಅದಕ್ಕೆ ನಿಮ್ಮ ಉತ್ತರ, “ತಗಿಯೂಣಂತ್ರೀ, ಇನ್ನೂ ಚಲೋ ಲೆನ್ಸ್ ಬರ್ಲಿ ತಡೀರಿ.”

ಇನ್ನು ನಮ್ಮ ಕಾಲದ ಮಾತು. ಇಲ್ಲಿ ಕ್ಯಾಮೆರಾಗಳಿಲ್ಲ, ‘ತಿದ್ದುಗಣ್ಣು’ಗಳಿವೆ. ಬಾಗಿಲಿನಲ್ಲಿ, ಬಸ್ಸಿನಲ್ಲಿ, ಮಗುವಿನ ತೊಟ್ಟಿಲಿನಲ್ಲಿ, ಬಚ್ಚಲಮನೆಯ ಕನ್ನಡಿಯಲ್ಲಿ ಕೂಡ ಒಂದೊಂದು ಕಣ್ಣು. ಕೇಳದಿದ್ದರೂ ಅದು ಚಿತ್ರ ತೆಗೆಯುತ್ತದೆ, ತೆಗೆಯುವಾಗಲೇ ತಿದ್ದುತ್ತದೆ. ಎದುರಿಗೆ ಇರುವುದಕ್ಕಿಂತ ಇರಬೇಕಾದದ್ದು ಏನು ಎಂಬುದು ಅದಕ್ಕೆ ಚೆನ್ನಾಗಿ ಗೊತ್ತು. ಉಣಕಲ್ ಕೆರೆಯ ದಂಡೆಯಲ್ಲಿ ನಿಂತರೆ ಚಿತ್ರದಲ್ಲಿ ಕೆರೆ ತುಂಬಿರುತ್ತದೆ, ಬಾತುಗಳೂ ಇರುತ್ತವೆ. ಹಿಂದಕ್ಕೆ ತಿರುಗಿ ನೋಡಿದರೆ ಬಿರುಕುಬಿಟ್ಟ ಕೆಸರು. ಬಿಸಿಲಿಗೆ ಅಂಜಿ ನಾವು ಸಂತೆಯನ್ನು ಸೂರ್ಯ ಹುಟ್ಟುವ ಮೊದಲೇ ಮುಗಿಸುತ್ತೇವೆ, ಚಿತ್ರದಲ್ಲಿ ಮಾತ್ರ ಹೂಬಿಸಿಲು. ಹಳೆಯ ಚಿತ್ರಗಳನ್ನೂ ಅದು ಬಿಡುವುದಿಲ್ಲ. ಪ್ರತಿ ಯುಗಾದಿಗೆ, ಮನೆಗೆ ಸುಣ್ಣ ಬಳಿದ ಹಾಗೆ, ಇಟ್ಟ ಚಿತ್ರಗಳನ್ನೆಲ್ಲ ಆ ವರ್ಷದ ರೂಢಿಗೆ ತಕ್ಕಂತೆ ಹೊಸದು ಮಾಡುತ್ತದೆ. ಇದರಲ್ಲಿ ಯಾರ ಕುತಂತ್ರವೂ ಇಲ್ಲ. ಮುಚ್ಚಿದ ಕಣ್ಣನ್ನು ತೆರೆಸುವ, ಕಾಣದ್ದನ್ನು ತುಂಬಿಕೊಡುವ ಕ್ಯಾಮೆರಾ ಬರುತ್ತದೆ ಎಂಬ ಸುದ್ದಿ ನಿಮ್ಮ ಕಟ್ಟೆಗೂ ಬಂದಿತ್ತು, ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಿಮ್ಮ ಜಾಗದಲ್ಲಿ ನಾನಿದ್ದರೂ ತಟ್ಟುತ್ತಿದ್ದೆ.

ನನಗೆ ಒಬ್ಬಳೇ ಮಗಳು, ಮುಕ್ತಾ. ಹತ್ತೊಂಬತ್ತು ತುಂಬಿದ ಬೇಸಿಗೆಯಲ್ಲಿ ಜ್ವರ ಬಂದು ಹೋಗಿಬಿಟ್ಟಳು. ಹುಟ್ಟಿನಿಂದಲೇ ಅವಳ ಒಂದು ಕಣ್ಣಿನ ರೆಪ್ಪೆ ಸ್ವಲ್ಪ ಇಳಿಬಿದ್ದಿತ್ತು. ನಕ್ಕಾಗ ಒಂದು ಕಣ್ಣು ಪೂರ್ತಿ ನಗುತ್ತಿತ್ತು, ಇನ್ನೊಂದು ಆಗತಾನೇ ನಿದ್ದೆಯಿಂದ ಎದ್ದ ಹಾಗಿರುತ್ತಿತ್ತು. ಓರಗೆಯವರು ನಿದ್ದೆಬುರುಕಿ ಎಂದರೆ ಅವಳಿಗೆ ಸಿಟ್ಟಿರಲಿಲ್ಲ, ಬೇಕೆಂದೇ ಆಕಳಿಸಿ ತೋರಿಸುತ್ತಿದ್ದಳು. ಇಲ್ಲಿ ಚಿತ್ರಗಳನ್ನು ತೋರಿಸುವುದು ಮನೆಯ ಗೋಡೆಯೇ; ಅವಳು ಹೋದ ಮೇಲೆ ಅದಕ್ಕೆ ಹೇಳಿ ಅವಳ ಚಿತ್ರಗಳನ್ನೆಲ್ಲ ತರಿಸಿದೆ. ತೊಟ್ಟಿಲಿನಿಂದ ಕೊನೆಯ ದಿನದವರೆಗಿನ ಲೆಕ್ಕವಿಲ್ಲದಷ್ಟು ಚಿತ್ರಗಳು. ಎಲ್ಲದರಲ್ಲೂ ಎರಡು ಕಣ್ಣೂ ಸಮ. ಮುಂದಿನ ಯುಗಾದಿ ಕಳೆದ ಮೇಲೆ ನೋಡಿದರೆ ಗಲ್ಲವೂ ಸ್ವಲ್ಪ ಚೂಪಾಗಿತ್ತು. ತಿದ್ದುಗಣ್ಣಿನ ಕಚೇರಿಗೆ ಹೋಗಿ, ತಿದ್ದದೆ ಇರುವ ಒಂದೇ ಒಂದನ್ನು ಕೊಡಿ ಎಂದು ಬೇಡಿಕೊಂಡೆ. ಅಲ್ಲಿದ್ದವರು ಒಳ್ಳೆಯವರು, ನೀರು ಕೊಟ್ಟು ಕೂರಿಸಿ ಹೇಳಿದರು: ಮೂಲ ಎಂಬುದೇ ಇಲ್ಲವಂತೆ, ಈ ಕಣ್ಣು ಕಾಣುವುದೇ ತಿದ್ದಿಕೊಂಡು ಅಂತೆ.

ಈಗ ನನಗಿರುವ ಸಂಕಟ ಏನೆಂದರೆ, ಇಳಿಬಿದ್ದಿದ್ದದ್ದು ಎಡಗಣ್ಣೋ ಬಲಗಣ್ಣೋ ಎಂಬುದೇ ನನಗೆ ಖಚಿತವಿಲ್ಲ. ನನ್ನ ತಮ್ಮ ಎಡ ಎನ್ನುತ್ತಾನೆ. ಅವಳನ್ನು ಎತ್ತಿ ಆಡಿಸಿದ ಪಕ್ಕದ ಮನೆಯವರು ಬಲ ಎಂದು ಆಣೆ ಮಾಡುತ್ತಾರೆ. ನಾನು ಕಣ್ಣುಮುಚ್ಚಿ ಕೂತರೆ ಒಮ್ಮೆ ಎಡ, ಒಮ್ಮೆ ಬಲ, ಆಮೇಲೆ ಎರಡೂ ಸಮನಾದ ಆ ಗೋಡೆಯ ಹುಡುಗಿ ಬಂದು ನಿಲ್ಲುತ್ತಾಳೆ. ಹೆತ್ತವಳಿಗೆ ಇಷ್ಟೂ ನೆನಪಿಲ್ಲವೇ ಎಂದು ನೀವು ಕೇಳಬಹುದು. ದಿನವೂ ಆ ಚಿತ್ರಗಳನ್ನೇ ನೋಡಿಕೊಂಡು ಅತ್ತವಳಿಗೆ ಹೇಗೆ ಉಳಿದೀತು? ಅವಳು ಸತ್ತದ್ದಕ್ಕಿಂತ ನಾನು ಇದಕ್ಕೇ ಹೆಚ್ಚು ಅತ್ತಿದ್ದೇನೆ.

ಆ ದಿನಗಳಲ್ಲೇ ಕಟ್ಟೆಯಲ್ಲಿ ನಿಮ್ಮ ಮಾತು ನಿಂತುಹೋದದ್ದನ್ನು ಗಮನಿಸಿದೆ, ವೀರೇಶ ಅವರೇ. ಕೆಲವು ತಿಂಗಳ ನಂತರ ನೀವು ಮತ್ತೆ ಬಂದು ಬರೆದಿರಿ: “ಮನ್ಯಾಕಿ ಹೋಗಿಬಿಟ್ಲರೀ. ಎಲ್ಲಾ ಫೋಟೋ ತಗದ ನೋಡಿದೆ. ಪೇಪರಿನ ಸಣ್ಣ ಅಕ್ಷರಾನೂ ಓದಾಕ ಬರ್ತಾವ. ಆಕಿ ಮಾರಿ ಒಂದ್ರಾಗೂ ನೆಟ್ಟಗ ಕಾಣವಲ್ದು. ಯಾರಿಗರ ಸರಿ ಮಾಡಾಕ ಬರ್ತೈತೇನ್ರೀ?” ಮದುವೆಯ ಆಲ್ಬಮ್ ಇತ್ತಂತೆ, ಆದರೆ ಅದರಲ್ಲಿರುವುದು ನೀವು ಇನ್ನೂ ಅರಿಯದಿದ್ದ ಹುಡುಗಿ. ಫೋನಿನ ಚಿತ್ರಗಳಿದ್ದವಂತೆ, ಆದರೆ ಆ ಫೋನು ಕೇಳದೆಯೇ ಕೆನ್ನೆ ನುಣುಪು ಮಾಡಿಟ್ಟಿತ್ತಂತೆ.

ಕಟ್ಟೆಯವರು ಸುಮ್ಮನೆ ಕೂರಲಿಲ್ಲ. ಅಷ್ಟು ದಿನ ಮೂಲೆಯ ಅಕ್ಷರಕ್ಕೆ ಕಚ್ಚಾಡಿದವರೆಲ್ಲ ಒಂದಾದಿರಿ. ವಿಲ್ಫ್ರೆಡ್ ಅವರು ಆಗಷ್ಟೇ ಬಂದಿದ್ದ ಹೊಸ ಸಾಫ್ಟ್‌ವೇರಿಗೆ ಒಂದು ಚಿತ್ರ ಕೊಟ್ಟು, ಮಸುಕಿದ್ದಲ್ಲಿ ಮುಖ ತುಂಬಿಸಿ ಹಾಕಿದರು. ದೊರೆಸ್ವಾಮಿಯವರು, “ಎಷ್ಟು ಲಕ್ಷಣವಾಗಿ ಬಂದಿದೆ ನೋಡಿ, ಸಾಕ್ಷಾತ್ ನಿಮ್ಮ ಮನೆಯವ್ರೇ” ಎಂದರು. ದೊರೆಸ್ವಾಮಿಯವರೇ, ನೀವು ಅವರನ್ನು ಒಮ್ಮೆಯೂ ಕಂಡವರಲ್ಲ. ಆದರೆ ನೀವು ಅದನ್ನು ಪ್ರೀತಿಯಿಂದಲೇ ಬರೆದಿರಿ ಎಂದು ನನಗೆ ಗೊತ್ತು. ವೀರೇಶ ಅವರು ಹೀಗೆ ಉತ್ತರಿಸಿದರು: “ಭಾಳ ಚಂದ ಬಂದೈತ್ರೀ, ಎಲ್ಲಾರಿಗೂ ಉಪಕಾರ ಆತು. ಆದ್ರ ಇದು ನಮ್ಮಾಕಿ ಅಲ್ರೀ.”

ಅಷ್ಟರಲ್ಲಿ ವೆರಾನ್‌ನ ಹೊಸ ಕ್ಯಾಮೆರಾದ ಸುದ್ದಿ ಬಂತು, ಎಲ್ಲರೂ ಆ ಕಡೆ ಓಡಿದಿರಿ. ಕೊನೆಗೊಮ್ಮೆ ವೀರೇಶ ಅವರು ಕೇಳಿದರು: “ಕ್ಯಾಮೆರಾ ಮಾರಾಕತ್ತೀನ್ರೀ, ನಾಳೆ ಒಯ್ಯಾಕ ಬರ್ತಾರ. ಕಾರ್ಡಿನ್ಯಾಗ ಆ ಪೇಪರ್ ಫೋಟೋ ಅದಾವು. ಇಡ್ಲ್ಯೋ, ಅಳಸ್ಲ್ಯೋ?” ಯಾರೋ ಒಬ್ಬರು, ಚೆನ್ನಾಗಿರುವುದು ಈಗ ಇದೆಯಲ್ಲ, ಫೋಕಸ್ ಇಲ್ಲದ್ದನ್ನು ಇಟ್ಟುಕೊಂಡು ಏನು ಮಾಡುತ್ತೀರಿ, ಅಳಿಸಿಬಿಡಿ ಎಂದರು. ಅಲ್ಲಿಗೆ ಆ ಚರ್ಚೆ ನಿಂತಿದೆ. ಮುಂದೆ ಏನಾಯಿತೆಂದು ನನಗೆ ಗೊತ್ತಿಲ್ಲ.

ನೀವು ಕಟ್ಟೆಗೆ ಹಾಕಿದ್ದ ಚಿತ್ರಗಳನ್ನು ನಾನು ತೆರೆದು ನೋಡಿದ್ದೇನೆ. ನಿಮ್ಮ ಮಾತುಗಳನ್ನು ಯಾರೂ ಓದುವುದಿಲ್ಲವಾದ್ದರಿಂದ ಅವು ತಿದ್ದದೆ ಉಳಿದಿವೆ, ಚಿತ್ರಗಳಿಗೆ ಆ ಭಾಗ್ಯವಿಲ್ಲ. ಮುಖ ಮಸುಕಾಗಿದೆ ಎಂದು ನೀವು ಬರೆದ ಸಾಲಿನ ಕೆಳಗೇ, ಮುಖ ಥಳಥಳ ಹೊಳೆಯುವ ಹೆಂಗಸೊಬ್ಬಳು ಪತ್ರಿಕೆ ಹಿಡಿದು ನಿಂತಿದ್ದಾಳೆ. ಅವಳ ಪಕ್ಕದಲ್ಲಿ ನನ್ನ ಗೋಡೆಯ ಮುಕ್ತಾಳನ್ನು ಇಟ್ಟು ನೋಡಿದೆ. ಇಬ್ಬರೂ ಅಕ್ಕತಂಗಿಯರ ಹಾಗಿದ್ದರು. ಆವತ್ತು ಕೆಲಸ ಬಿಟ್ಟು ಎದ್ದು ಮನೆಗೆ ಬಂದುಬಿಟ್ಟೆ.

ಈ ಪತ್ರ ಕಳಿಸುವ ವಿಧಾನಕ್ಕೆ ನಾವು ‘ಹಿಂದೋಲೆ’ ಎನ್ನುತ್ತೇವೆ. ಹಳೆಯ ಕಟ್ಟೆಯಲ್ಲಿ ಮಾತು ನಿಂತುಹೋದ ಜಾಗ ಸಿಕ್ಕರೆ ಅಲ್ಲಿಗೆ ಸ್ವಲ್ಪ ಬರಹವನ್ನು ತೂರಿಸಬಹುದು. ತಲುಪುತ್ತದೆಂದು ಯಾರೂ ಭರವಸೆ ಕೊಡುವುದಿಲ್ಲ. ಮಗಳು ಬದುಕಿದ್ದ ಕಾಲದ ನನಗೇ ನಾನು ಬರೆದುಕೊಳ್ಳಬಾರದಿತ್ತೇ ಎನ್ನುತ್ತೀರಿ. ಬರೆದೆ. ಅವಳ ಮುಖವನ್ನು ಯಾರ ಕೈಯಲ್ಲಾದರೂ ಇದ್ದಿಲಿನಲ್ಲಿ ಬರೆಸು, ರೆಪ್ಪೆ ಬಿಡಬೇಡ ಎಂದು ಬೇಡಿಕೊಂಡು ಬರೆದೆ. ಆದರೆ ತಿದ್ದುಗಣ್ಣು ಇರುವ ಕಾಲಕ್ಕೆ ಹೋಗುವ ಪತ್ರವನ್ನು ಅದು ಮೊದಲು ತಾನೇ ಓದುತ್ತದೆ. ಹೊರಡುವ ಮುನ್ನ ನಕಲು ತೋರಿಸಿತು. ‘ಮಗಳ ಜೊತೆ ಸಂತೋಷವಾಗಿರು’ ಎಂಬ ಒಂದೇ ಸಾಲು ಉಳಿದಿತ್ತು.

ನಿಮ್ಮ ಕಾಲಕ್ಕೆ ಅದು ಇನ್ನೂ ಬಂದಿಲ್ಲ, ಹಾಗಾಗಿ ನಿಮಗೆ ಬರೆಯುತ್ತಿದ್ದೇನೆ. ಕಟ್ಟೆಯ ಉಳಿದವರಿಗೆ ಹೇಳುವುದು ಇಷ್ಟೇ: ನಾಳೆ ಬೆಳಗ್ಗೆ ಮನೆಯವರ ಕೈಗೆ ಪತ್ರಿಕೆ ಕೊಡಬೇಡಿ. ಸುಮ್ಮನೆ ಕೂತಿರಲಿ, ಹಲ್ಲುಜ್ಜುತ್ತಿರಲಿ, ಬೈಯುತ್ತಿರಲಿ, ಆ ಮುಖಕ್ಕೆ ಫೋಕಸ್ ಮಾಡಿ. ಮೂಲೆಗಳು ಹಾಳಾಗಿಹೋಗಲಿ.

ವೀರೇಶ ಅವರೇ, ನಿಮಗೆ ಬೇರೆಯದೇ ಕೋರಿಕೆ. ಅಂದು ತಾರಸಿಯ ಮೇಲೆ ಬಿಸಿಲು ಮೊದಲು ಕಸ್ತೂರಿಯವರ ಕೆನ್ನೆಯನ್ನು ಮುಟ್ಟಿತು, ಅಲ್ಲಿಂದ ಹೊರಟು ನಿಮ್ಮ ಲೆನ್ಸಿನೊಳಗೆ ಬಂತು. ಮಸುಕಾಗಿ ಬಂದಿರಬಹುದು, ಆದರೆ ಅವರಿಂದಲೇ ಬಂದದ್ದು. ವಿಲ್ಫ್ರೆಡ್ ಅವರು ಮಾಡಿಕೊಟ್ಟ ಚಂದದ ಮುಖವನ್ನು ಯಾವ ಬಿಸಿಲೂ ಮುಟ್ಟಿಲ್ಲ. ಆ ಮಸುಕಾದದ್ದನ್ನು ಕಾಗದದ ಮೇಲೆ ಮುದ್ರಿಸಿ ಮನೆಯಲ್ಲಿ ಹಾಕಿಕೊಳ್ಳಿ, ಕಾಗದದ ತಂಟೆಗೆ ತಿದ್ದುಗಣ್ಣು ಬರುವುದಿಲ್ಲ. ಬಂದವರು ಇದ್ಯಾಕೆ ಹೀಗಿದೆ ಎಂದು ಕೇಳಿದರೆ ಕೇಳಲಿ. ಸ್ವಲ್ಪ ದೂರ ನಿಂತು ನೋಡುತ್ತಾ ಇರಿ, ನಿಮಗೆ ಅವರು ಕಾಣುತ್ತಾರೆ. ನನಗೆ ಕಾಣುವುದಿಲ್ಲ, ದೊರೆಸ್ವಾಮಿಯವರಿಗೂ ಕಾಣುವುದಿಲ್ಲ, ನಿಮಗೆ ಕಾಣುತ್ತಾರೆ.

ನನ್ನ ಮಗಳದ್ದು ಅಂಥ ಒಂದೇ ಒಂದು ಕೆಟ್ಟ ಚಿತ್ರ ಇದ್ದಿದ್ದರೆ, ಗುರುತೇ ಸಿಗದಷ್ಟು ಮಸುಕಾಗಿದ್ದರೂ ಸರಿ, ಈ ಗೋಡೆಯ ಮೇಲಿರುವುದನ್ನೆಲ್ಲ ಕೊಟ್ಟು ಅದನ್ನು ತಂದುಕೊಳ್ಳುತ್ತಿದ್ದೆ. ನನಗೆ ಇನ್ನು ಯಾರೂ ಕೊಡಲಾರರು. ನಿಮ್ಮ ಬಳಿ ಇನ್ನೂ ಇದೆ. ನಾಳೆ ಒಯ್ಯಲು ಬಂದವರಿಗೆ ಕ್ಯಾಮೆರಾ ಕೊಟ್ಟುಬಿಡಿ. ಕಾರ್ಡನ್ನು ಮಾತ್ರ ತೆಗೆದಿಟ್ಟುಕೊಳ್ಳಿ.

ನಾಗಲಾಂಬೆ
ಮುಕ್ತಾಳ ತಾಯಿ