ಶಾಲೆ ಮುಚ್ಚಿದ ಮೇಲೆ ಹೊಸಕಟ್ಟಿ

ಹೊಸಕಟ್ಟಿ ಪಟ್ಟಣ,
೨೧೩೮ನೇ ಇಸವಿ, ಯುಗಾದಿ ಕಳೆದ ಮೂರನೆಯ ದಿನ.

ನೂರು ವರ್ಷ ಹಿಂದಿರುವ ಹಿರಿಯರಿಗೆ,

ನಿಮ್ಮ ಕಾಲಕ್ಕೆ ಇನ್ನೂ ಹುಟ್ಟದ ನಾನು ನಿಮಗೆ ಬರೆಯುತ್ತಿದ್ದೇನೆ. ಇಸವಿ ನೋಡಿ ನಗಬೇಡಿ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ; ಆ ಮಾತುಗಳು ಬೇಕಾಗುವ ಕಾಲ ನಿಮಗಿನ್ನೂ ಬಂದಿಲ್ಲ. ನನ್ನ ಹೆಸರು ವೈಜಯಂತಿ ಬೂದಿಹಾಳ. ಹೊಸಕಟ್ಟಿಯ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ಈಗ ಅದೇ ಶಾಲೆಯ ಕೋಣೆಯಲ್ಲಿ ಮುದುಕರಿಗೆ ಸ್ನಾನ ಮಾಡಿಸುತ್ತೇನೆ.

ನಮ್ಮಲ್ಲಿ ಮಕ್ಕಳು ಅಪರೂಪ. ನಾಮಕರಣವಾದರೆ ಕರೆಯದಿದ್ದರೂ ಊರೆಲ್ಲ ಹೋಗಿ ತೊಟ್ಟಿಲು ಮುಟ್ಟಿ ಬರುತ್ತದೆ. ಪಟ್ಟಣ ಪಂಚಾಯಿತಿಗೆ ಸರ್ಕಾರ ಕೊಡುವ ಹಣಕ್ಕೆ ತಲೆಪಾಲು ಎನ್ನುತ್ತೇವೆ. ಎಷ್ಟು ತಲೆಯೋ ಅಷ್ಟು ಪಾಲು. ಆದರೆ ಜನ ಕಡಿಮೆಯಾದರೆಂದು ನೀರಿನ ಕೊಳವೆ ಗಿಡ್ಡವಾಗುವುದಿಲ್ಲ, ಚರಂಡಿ ಕಿರಿದಾಗುವುದಿಲ್ಲ. ಹಾಗಾಗಿ ನಾಲ್ಕೈದು ಮನೆಯಷ್ಟೇ ಉಳಿದ ಬೀದಿಗೆ ನೀರು, ದೀಪ ನಿಲ್ಲಿಸಿ ಅಲ್ಲಿಯವರನ್ನು ಪೇಟೆಗೆ ತಂದಿಡುತ್ತಾರೆ. ಅಂಥದ್ದು ಮುಚ್ಚುಬೀದಿ. ಅಲ್ಲಿ ಜಾಲಿ ಬೆಳೆದಿದೆ, ಹಂದಿ ಮರಿ ಹಾಕಿವೆ. ವಯಸ್ಸಾದವರಿಗೆ ಊಟ, ಔಷಧಿ, ಸ್ನಾನ ನೋಡಿಕೊಳ್ಳುವ ಜಾಗ ಹಗಲಾಸರೆ.

ಹೋದ ವರ್ಷ ಶಾಲೆ ಮತ್ತು ಹಗಲಾಸರೆ, ಎರಡನ್ನೂ ನಡೆಸಲು ಪಂಚಾಯಿತಿಯ ಕೈಯಲ್ಲಿ ಆಗದೆ ಹೋಯಿತು. ಶಾಲೆಯಲ್ಲಿ ಹನ್ನೊಂದು ಮಕ್ಕಳಿದ್ದರು. ಸಭೆ ಕರೆದರು.

ಆಂಬುಲೆನ್ಸ್ ಓಡಿಸುತ್ತಿದ್ದ ರಫೀಕಾ ನದಾಫ್ ಎದ್ದು ನಿಂತಳು. ಅವಳ ಗಂಡ ದಸ್ತಗೀರ ನೀರಿನ ಪಂಪು ನೋಡಿಕೊಳ್ಳುತ್ತಿದ್ದ. "ಅಧ್ಯಕ್ಷರ, ಸಾಲಿ ಮುಚ್ಚಿದ್ರ ನನ್ನ ಮಗಳನ್ನ ಎಲ್ಲಿ ಕಳಸ್ಲಿ?"

"ಗಾಡಿ ಬಂದು ತಾಲೂಕಿಗೆ ಒಯ್ತೈತಿ," ಎಂದರು ಅಧ್ಯಕ್ಷ ಈರಬಸಪ್ಪ.

"ಆರು ವರ್ಷದ ಕೂಸು ಐತ್ರಿ. ಕತ್ತಲಾಗ ಎಬ್ಬಿಸಿ ಕಳಿಸಿ, ಕತ್ತಲಾಗ ಇಳಿಸ್ಕೋಬೇಕೇನ್ರಿ?"

ಆಗ ಹಿಂದೆ ಗಾಲಿಕುರ್ಚಿಯಲ್ಲಿ ಕೂತಿದ್ದ ಕಲ್ಲವ್ವಜ್ಜಿ ಬಾಯಿ ಬಿಟ್ಟಳು. ದಿನವೂ ಹಗಲಾಸರೆಯಲ್ಲಿ ಉಣ್ಣುವವಳು. "ಬೇಕಾದ್ರ ನನ್ನ ಒಂದ್ಹೊತ್ತಿನ ಊಟ ಬಿಡಸ್ರಿ. ಸಾಲಿ ಬಾಗಲಾ ಹಾಕಬ್ಯಾಡ್ರಿ. ಹುಡುಗ್ರು ಹ್ವಾದ್ರ ಅವರ ಅವ್ವ ಅಪ್ಪ ಇಲ್ಲೇ ಕುಂಡ್ರತಾರೇನು?"

"ನಿಮ್ಮಂಥಾವ್ರ ಸಲುವಾಗೇ ಮಾಡಾಕತ್ತೀವಿ, ಅಜ್ಜಿ," ಎಂದರು ಈರಬಸಪ್ಪ.

ಸದಸ್ಯರು ಕೆಟ್ಟವರಾಗಿರಲಿಲ್ಲ. ಆದರೆ ಮತದಾರರಲ್ಲಿ ಮುಕ್ಕಾಲು ಪಾಲು ಎಪ್ಪತ್ತು ದಾಟಿದವರು. ಶಾಲೆ ಮುಚ್ಚಲು ಸದಸ್ಯರೆಲ್ಲರ ಕೈ ಮೇಲೆದ್ದವು. ಶಾಲೆಗೆ ಬೀಗ ಬಿತ್ತು.

ಮಳೆಗಾಲಕ್ಕೆ ಮುಂಚೆ ಮಕ್ಕಳಿದ್ದ ಮನೆಗಳೆಲ್ಲ ಊರು ಬಿಟ್ಟವು. ರಫೀಕಾ, ದಸ್ತಗೀರ, ಹಗಲಾಸರೆಯ ನರ್ಸ್, ಅಡುಗೆಯವರು, ಕಸ ಎತ್ತುವ ಇಬ್ಬರು, ಎಲ್ಲರೂ ಯಾವುದೋ ಮಗುವಿನ ಅವ್ವ ಅಥವಾ ಅಪ್ಪ. ತಲೆ ಕಡಿಮೆಯಾಯಿತು, ತಲೆಪಾಲು ಇನ್ನೂ ಕಡಿಮೆಯಾಯಿತು, ಆ ಸಂಬಳಕ್ಕೆ ಹೊಸಬರು ಬರಲಿಲ್ಲ. ನಾನು ಒಬ್ಬಂಟಿ, ಮಕ್ಕಳಿಲ್ಲ, ಉಳಿದೆ.

ಹಗಲಾಸರೆಯನ್ನು ಶಾಲೆಯ ಕೋಣೆಗೆ ತಂದರು. ಒಂದು ಬೆಳಿಗ್ಗೆ ಅಲ್ಲಿ ಕಲ್ಲವ್ವಜ್ಜಿ ಎದೆ ಹಿಡಿದುಕೊಂಡಳು. ಆಂಬುಲೆನ್ಸ್ ಶೆಡ್ಡಿನಲ್ಲೇ ಇತ್ತು. ತಾನಾಗಿಯೇ ಓಡುವ ಗಾಡಿಗಳು ದೊಡ್ಡ ನಗರಗಳಿಗೆ. ನಮ್ಮದು ನಿಮ್ಮ ಕಾಲದಂತೆ ಕೈಯಿಂದ ಓಡಿಸುವಂಥದ್ದು. ನನಗೆ ಬಾರದು. ಈರಬಸಪ್ಪ ಓಡಿ ಬಂದು ಸ್ಟೇರಿಂಗ್ ಹಿಡಿದರು. ಗಾಡಿ ಶೆಡ್ಡಿನ ಗೋಡೆಗೆ ಗುದ್ದಿ ನಿಂತಿತು. "ಕಣ್ಣು ಕಾಣಂಗಿಲ್ರಿ ಅಕ್ಕಾರ," ಎಂದು ಆ ಹಿರಿಯರು ಬಿಕ್ಕಿ ಬಿಕ್ಕಿ ಅತ್ತರು. ಕಸದ ಕೈಗಾಡಿಯಲ್ಲಿ ಅಜ್ಜಿಯನ್ನು ಮಲಗಿಸಿ ಹೆದ್ದಾರಿಯ ತನಕ ಇಬ್ಬರೂ ನೂಕಿದೆವು. ಕೈ ಅಡ್ಡ ಹಿಡಿದರೂ ವಾಹನಗಳು ನಿಲ್ಲಲಿಲ್ಲ. ಒಂದು ಲಾರಿ ನಿಂತಾಗ ಅಜ್ಜಿಯ ಕೈ ತಣ್ಣಗಾಗಿತ್ತು.

ಅಜ್ಜಿಯ ಮಣ್ಣಿಗೆ ರಫೀಕಾ ಬಂದಿದ್ದಳು. "ನೀವೂ ಬಂದ್ಬಿಡ್ರಿ ಅಕ್ಕಾರ. ನಾವಿರೋ ಊರಾಗ ಸಾಲಿ ಐತಿ, ಹುಡುಗ್ರದಾರ," ಎಂದಳು.

"ಈ ಮುದುಕರನ್ನ ಯಾರ ಕೈಯಾಗ ಕೊಟ್ಟು ಬರ್ಲೆವ್ವಾ?" ಎಂದೆ. ಅವಳು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು, ಮತ್ತೆ ಬಸ್ಸು ಹತ್ತಿದಳು.

ಈಗ ಊರಿಳಿಕೆಯ ಆದೇಶ ಬಂದಿದೆ. ಹಾಗೆಂದರೆ ಇಂತಿಷ್ಟು ಜನಕ್ಕಿಂತ ಕಡಿಮೆಯಿರುವ ಪಟ್ಟಣವನ್ನು ಪಟ್ಟಣವೆಂದು ಲೆಕ್ಕಿಸುವುದಿಲ್ಲ. ತಿಂಗಳ ಕೊನೆಗೆ ನೀರು, ದೀಪ ನಿಲ್ಲುತ್ತವೆ. ಮುದುಕರನ್ನು ಎಲ್ಲೆಲ್ಲಿ ಹಾಸಿಗೆ ಖಾಲಿಯಿದೆಯೋ ಅಲ್ಲಲ್ಲಿಗೆ ಸಾಗಿಸುತ್ತಾರಂತೆ. ಗಂಡನಿಗೊಂದು ಜಿಲ್ಲೆ, ಹೆಂಡತಿಗೊಂದು ಜಿಲ್ಲೆ. ನಿನ್ನೆ ಒಬ್ಬ ಮುದುಕಿ ತನ್ನ ಸೆರಗನ್ನು ಗಂಡನ ರಟ್ಟೆಗೆ ಕಟ್ಟಿಕೊಂಡು ಕೂತಿದ್ದಳು. ಬಿಚ್ಚಲು ನನಗೆ ಕೈ ಬರಲಿಲ್ಲ. ನಾನು ಅರ್ಜಿ ಬರೆದೆ, ಕಚೇರಿಗಳ ಬಾಗಿಲಲ್ಲಿ ಕೂತೆ, ಕಾಲಿಗೂ ಬಿದ್ದೆ. ಇನ್ನು ಕೇಳಲು ನೀವು ಮಾತ್ರ ಉಳಿದಿದ್ದೀರಿ.

ಬೇಡಿಕೊಳ್ಳುತ್ತೇನೆ. ಮಕ್ಕಳು ಕಡಿಮೆಯಾದರೆಂದು ನಿಮ್ಮೂರ ಶಾಲೆಗೆ ಬೀಗ ಹಾಕಲು ಸಭೆ ಕರೆದರೆ ಹೋಗಿ. ಅಡ್ಡ ನಿಲ್ಲಿ, ಜಗಳವಾಡಿ, ಮಾನ ಹೋದರೂ ಕೂಗಿ. ನಮ್ಮ ಸಭೆ ಮುಗಿದುಹೋಗಿದೆ. ನಿಮ್ಮದು ಇನ್ನೂ ನಡೆದಿಲ್ಲ.

ವೈಜಯಂತಿ